ಹೊಲದ ಎಣ್ಣೆ ಮಕ್ಕಳ ಮೈಗೆ ಸೇರುವುದು ಹೇಗೆ?

ವಾಂತಿ-ಭೇದಿಯಿಂದ ಸೋತ ಮಗುವಿನ ಬಾಯಿ ಒಣಗಿರುತ್ತದೆ. ಅತ್ತರೂ ಕಣ್ಣಲ್ಲಿ ನೀರು ಬರುವುದಿಲ್ಲ. ಆದರೆ ಕೆಲವು ಮಕ್ಕಳು ಅದೇ ವಾಂತಿ-ಭೇದಿ ಅಂತ ಬರುತ್ತಾರೆ, ಬಾಯಲ್ಲಿ ಜೊಲ್ಲು ಸುರಿಯುತ್ತಿರುತ್ತದೆ, ಮೈಯೆಲ್ಲ ಬೆವರು. ಟಾರ್ಚ್ ಹಾಕಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟೇ ಇರುತ್ತದೆ. ಆಗ ನಾನು ಮಗು ಏನು ತಿಂದಿತು ಅಂತ ಮೊದಲು ಕೇಳುವುದಿಲ್ಲ. "ಹೊಲದಾಗ ಎಣ್ಣಿ ಹೊಡದೀರೇನಮ್ಮ?" ಅಂತ ಕೇಳುತ್ತೇನೆ. ಎಣ್ಣೆ ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ.

ತುಂಗಭದ್ರಾ ಕಾಲುವೆಯ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳ ಮಕ್ಕಳಿಗೆ ನಾನು ವೈದ್ಯೆ. ಮಗು ಡಬ್ಬಿ ಎತ್ತಿ ಕುಡಿದರೆ ಮಾತ್ರ ಅಪಾಯ ಅಂತ ಬಹಳ ಮನೆಗಳಲ್ಲಿ ನಂಬಿದ್ದಾರೆ. ಹಾಗಲ್ಲ. ಈ ವಿಷ ಚರ್ಮದಿಂದಲೂ ಒಳಗೆ ಹೋಗುತ್ತದೆ, ಉಸಿರಿನಿಂದಲೂ ಹೋಗುತ್ತದೆ.

ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕಗಳೆಲ್ಲ ಆರ್ಗನೋಫಾಸ್ಫೇಟ್ ಎಂಬ ಗುಂಪಿನವು. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕವೊಂದಿದೆ. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕಲು ದೇಹದಲ್ಲೇ ಒಂದು ಕಿಣ್ವ ಇದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಜೊಲ್ಲು, ಬೆವರು, ಎದೆಯೊಳಗಿನ ನೀರು ಯಾವುದೂ ನಿಲ್ಲುವುದಿಲ್ಲ, ಸ್ನಾಯುಗಳು ಅದುರಿ ಅದುರಿ ಸೋಲುತ್ತವೆ. ಹುಳ ಸಾಯುವುದೂ ಹೀಗೆಯೇ. ಮಗುವಿಗೆ ತೂಕ ಕಮ್ಮಿ, ಆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಉಸಿರಾಟವೂ ಜೋರು. ಎಳೆಗೂಸಿನ ದೇಹಕ್ಕೆ ವಿಷವನ್ನು ಒಡೆಯುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಅಪ್ಪನಿಗೆ ಸುಮ್ನೆ ತಲೆನೋವು ಬರಿಸುವಷ್ಟು ವಿಷ ಮಗುವಿನ ಉಸಿರನ್ನೇ ನಿಲ್ಲಿಸಬಹುದು.

ಅಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆದು ಬರುತ್ತಾನೆ. ಪಂಪು ಸೋರಿ ಅಂಗಿಯ ಬೆನ್ನು ತೊಯ್ದಿರುತ್ತದೆ. ಬಾಗಿಲಲ್ಲೇ ಮಗು ಓಡಿ ಬಂದು ಅಪ್ಪಿಕೊಳ್ಳುತ್ತದೆ, ಎತ್ತಿಕೊಳ್ಳದೆ ಇರಲು ಯಾವ ಅಪ್ಪನಿಗೆ ಮನಸ್ಸು ಬರುತ್ತೆ? ಅದೇ ಅಂಗಿ ಗೂಟಕ್ಕೆ ಹೋಗುತ್ತದೆ, ಆಮೇಲೆ ಮಗುವಿನ ಬಟ್ಟೆ ಜೊತೆ ಒಂದೇ ಬಕೆಟ್ಟಿಗೆ ಬೀಳುತ್ತದೆ. ಹಾಗಾಗಿ ಎಣ್ಣೆ ಹೊಡೆದ ದಿನ ಹಿತ್ತಲಲ್ಲೇ ಸೋಪು ಹಚ್ಚಿ ಸ್ನಾನ ಮಾಡಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಆ ಅಂಗಿಗೆ ಬೇರೆ ಬಕೆಟ್ ಇರಲಿ.

ಉಳಿದ ಎಣ್ಣೆಯನ್ನು ನೀರಿನ ಬಾಟಲಿಗೆ ಸುರಿದು ಇಡುವುದಂತೂ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ತರುವ ಸಂಗತಿ. ಲೇಬಲ್ಲಿನ ಹಸಿರು ತ್ರಿಕೋನ ನೋಡಿ ಇದು ಏನೂ ಮಾಡಲ್ಲ ಅಂದುಕೊಳ್ಳುತ್ತಾರೆ. ಹಸಿರು ಅಂದರೆ ಕೆಂಪು, ಹಳದಿ, ನೀಲಿಗಿಂತ ವಿಷ ಕಮ್ಮಿ ಅಂತ, ವಿಷವೇ ಇಲ್ಲ ಅಂತಲ್ಲ. ಖಾಲಿ ಡಬ್ಬಿಯನ್ನೂ ತೊಳೆದು ಬಳಸಬೇಡಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸಿಕ್ಕಿತ್ತು. ಆ ಅಡುಗೆ ಎಣ್ಣೆಯನ್ನು ಕೀಟನಾಶಕದ ಹಳೇ ಡಬ್ಬಿಯಲ್ಲಿ ಇಟ್ಟಿರಬೇಕು ಅಂತ ಅಧಿಕಾರಿಗಳು ಆಗ ಹೇಳಿದ್ದರು.

ಇನ್ನೊಂದು ಮಾತು, ತಾಯಂದಿರಿಗೆ. ಹೇನು ಸಾಯಲಿ ಅಂತ ಹೊಲದ ಎಣ್ಣೆಯನ್ನು ಮಗಳ ತಲೆಗೆ ಹಚ್ಚಬೇಡಿ, ದಯವಿಟ್ಟು. ನೆತ್ತಿಯ ಚರ್ಮ ಬೇಗ ಹೀರಿಕೊಳ್ಳುತ್ತದೆ, ತುರಿಸಿ ಗಾಯವಾಗಿದ್ದರಂತೂ ಇನ್ನೂ ಬೇಗ. ಹೇನಿಗೆ ಬೇರೆ ಲೋಷನ್ ಇದೆ, ಕೇಳಿದರೆ ಬರೆದುಕೊಡುತ್ತೇವೆ.

ಕಾಳಿನ ಚೀಲಕ್ಕೆ ಹಾಕುವ ಮಾತ್ರೆ ಇದೆಯಲ್ವಾ, ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದು ಗಾಳಿಗಿಂತ ತುಸು ಭಾರ, ಮಕ್ಕಳು ಮಲಗುವುದು ನೆಲದ ಮೇಲೆ. ಇದಕ್ಕೆ ಪ್ರತಿವಿಷವೇ ಇಲ್ಲ. ಆ ಚೀಲ ಇರುವ ಕೋಣೆಯಲ್ಲಿ ಯಾರೂ ಮಲಗಬಾರದು.

ಕಾಸರಗೋಡು, ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಳಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಅದು ಆಗಲೇಬೇಕಿತ್ತು. ಆದರೆ ಮನೆಯ ಮೂಲೆಯ ಡಬ್ಬಿಗೆ ಯಾವ ಕೋರ್ಟೂ ಕಾವಲು ಕೂರುವುದಿಲ್ಲ. ಬೀಗ ಇರುವ ಪೆಟ್ಟಿಗೆ ಮಾಡಿಸಿ, ಮನೆಯಿಂದ ಹೊರಗಿಡಿ.

ಮಗುವಿಗೆ ವಿಷ ತಗುಲಿದ್ದರೆ 108ಕ್ಕೆ ಫೋನ್ ಮಾಡಿ. ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ಕೂದಲು, ಉಗುರು ಸೇರಿ ತೊಳೆಯಿರಿ, ನಿಮ್ಮ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಎಡ ಮಗ್ಗುಲಿಗೆ ಮಲಗಿಸಿ. ಡಬ್ಬಿಯನ್ನು ಆಸ್ಪತ್ರೆಗೆ ತನ್ನಿ, ಯಾವ ವಿಷ ಅಂತ ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117.

ಆರ್ಗನೋಫಾಸ್ಫೇಟ್ ವಿಷಕ್ಕೆ ಪ್ರತಿವಿಷವಾದ ಅಟ್ರೋಪಿನ್ ಕೊಟ್ಟ ಮೇಲೆ ಮಗು ಕಣ್ಣು ಬಿಟ್ಟು ಮಾತಾಡುತ್ತದೆ. ಮನೆಯವರು ಮಾರನೇ ದಿನವೇ ಹೊರಡುತ್ತೇವೆ ಅನ್ನುತ್ತಾರೆ. ಬೇಡ. ಒಂದರಿಂದ ನಾಲ್ಕು ದಿನದೊಳಗೆ ಸ್ನಾಯುಗಳು ಮತ್ತೆ ಸೋತು ಉಸಿರು ನಿಲ್ಲುವ ಸಾಧ್ಯತೆ ಇರುತ್ತದೆ. ದಿಂಬಿನಿಂದ ತಲೆ ಎತ್ತಲು ಮಗುವಿಗೆ ಆಗುತ್ತಿಲ್ಲ ಅಂದರೆ ಅದೇ ಮೊದಲ ಸೂಚನೆ, ತಕ್ಷಣ ನರ್ಸನ್ನು ಕೂಗಿ.