ಗೇರ್ ಬೀಳದಿದ್ದರೆ ಮೊದಲು ಎಂಜಿನ್ ಆಫ್ ಮಾಡಿ ನೋಡಿ

ಹಳೆ ಮಾರುತಿ 800 ಇಟ್ಟುಕೊಂಡವರು ಪದೇ ಪದೇ ಹೇಳುವ ದೂರು ಒಂದೇ: ಗೇರ್ ಸರಿಯಾಗಿ ಬೀಳ್ತಿಲ್ಲ. ರಿವರ್ಸ್ ಹಾಕಿದರೆ ಕರ್ ಅನ್ನುತ್ತದೆ, ಫಸ್ಟ್ ಹಾಕೋಕೆ ಎರಡೆರಡು ಸಲ ಕ್ಲಚ್ ಒತ್ತಬೇಕು. 1983ರ ಡಿಸೆಂಬರಿನಿಂದ 2014ರ ಜನವರಿವರೆಗೆ ತಯಾರಾದ ಗಾಡಿ ಅದು. ಇವತ್ತು ಓಡುತ್ತಿರುವ ಅತಿ ಹೊಸ 800ಕ್ಕೂ ಹತ್ತು ವರ್ಷ ದಾಟಿದೆ, ಹಾಗಾಗಿ ಈ ತೊಂದರೆ ಬರುವುದು ಸಹಜ. ಗ್ಯಾರೇಜಿಗೆ ಹೋದರೆ ‘ಗೇರ್ ಬಾಕ್ಸ್ ಇಳಿಸಿ ನೋಡಬೇಕು’ ಅಂತಾರೆ. ಇಳಿಸೋಕೆ ಮುಂಚೆ ಮನೆ ಮುಂದೆಯೇ ಐದು ನಿಮಿಷದಲ್ಲಿ ಮಾಡುವ ಒಂದು ಪರೀಕ್ಷೆ ಇದೆ.

ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ. ಕ್ಲಚ್ ಪೂರ್ತಿ ಒತ್ತಿ ಒಂದರಿಂದ ನಾಲ್ಕರವರೆಗೆ, ಆಮೇಲೆ ರಿವರ್ಸ್, ಎಲ್ಲ ಗೇರನ್ನೂ ಹಾಕಿ ತೆಗೆಯಿರಿ. ಒಂದೊಂದು ಸಲ ಹಲ್ಲಿಗೆ ಹಲ್ಲು ಎದುರಾಗಿ ನಿಂತು ಗೇರ್ ಬೀಳುವುದಿಲ್ಲ, ಆಗ ಗಾಡಿಯನ್ನು ಸ್ವಲ್ಪ ಅಲ್ಲಾಡಿಸಿದರೆ ಸಾಕು. ಈಗ ಬ್ರೇಕ್ ಮೇಲೆ ಕಾಲಿಟ್ಟು, ಮುಂದೆ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಎಂಜಿನ್ ಸ್ಟಾರ್ಟ್ ಮಾಡಿ ಅದನ್ನೇ ಮತ್ತೆ ಮಾಡಿ.

ಆಫ್ ಇದ್ದಾಗ ಸಲೀಸಾಗಿ ಬಿದ್ದ ಗೇರುಗಳು ಆನ್ ಆದ ತಕ್ಷಣ ಹಠ ಹಿಡಿದರೆ ಅನುಮಾನ ಕ್ಲಚ್ ಮೇಲೆ. ಎಂಜಿನ್ ಆಫ್ ಇದ್ದಾಗಲೂ ಗೇರ್ ಗಟ್ಟಿಯಾಗಿದ್ದರೆ ಗೇರ್ ಲಿವರಿನ ಬುಷ್ (ಕೀಲಿನಲ್ಲಿ ಕೂರುವ ಸಣ್ಣ ಬಳೆ), ರಾಡ್, ಇಲ್ಲವೇ ಗೇರ್ ಬಾಕ್ಸ್ ಒಳಗೇ ಏನೋ ಆಗಿದೆ. ಬುಷ್ ಹೋಗಿದ್ದರೆ ಲಿವರ್ ನ್ಯೂಟ್ರಲ್‌ನಲ್ಲೂ ಆ ಕಡೆ ಈ ಕಡೆ ಸಡಿಲವಾಗಿ ಓಲಾಡುತ್ತದೆ. ಅದು ಕಡಿಮೆ ಖರ್ಚಿನ ಕೆಲಸ.

ಈ ಪರೀಕ್ಷೆಯ ಹಿಂದಿನ ಲೆಕ್ಕ ಸರಳ. ಎಂಜಿನ್ ತಿರುಗುತ್ತಿರುವಾಗ ಅದರ ತುದಿಯಲ್ಲಿರುವ ಭಾರದ ಚಕ್ರ, ಅಂದರೆ ಫ್ಲೈವೀಲ್, ತಿರುಗುತ್ತದೆ. ಗೇರ್ ಬಾಕ್ಸಿಗೆ ಹೋಗುವ ಶಾಫ್ಟಿನ ಮೇಲೆ ಕೂತಿರುವ ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿದಿರುವುದು ಪ್ರೆಷರ್ ಪ್ಲೇಟ್. ನೀವು ಪೆಡಲ್ ಒತ್ತಿದಾಗ ಕೇಬಲ್ ಒಂದು ಲಿವರನ್ನು ಎಳೆಯುತ್ತದೆ, ರಿಲೀಸ್ ಬೇರಿಂಗ್ ಮುಂದೆ ಹೋಗಿ ಪ್ರೆಷರ್ ಪ್ಲೇಟಿನ ಸ್ಪ್ರಿಂಗನ್ನು ತಳ್ಳುತ್ತದೆ, ಹಿಡಿತ ಬಿಡುತ್ತದೆ. ಆಗ ಆ ಶಾಫ್ಟ್ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ಹಿಡಿತ ಪೂರ್ತಿ ಬಿಡದಿದ್ದರೆ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಮುಂದಕ್ಕೆ ಹೋಗುವ ಗೇರುಗಳಲ್ಲಿ ವೇಗ ಹೊಂದಿಸಲು ಸಿಂಕ್ರೊ ರಿಂಗ್ ಇರುತ್ತದೆ, ಅದು ಒಂದಿಷ್ಟು ಸುಧಾರಿಸಿಕೊಳ್ಳುತ್ತದೆ. ಈ ಗಾಡಿಯ ರಿವರ್ಸಿಗೆ ಆ ರಿಂಗ್ ಇಲ್ಲ. ಅದಕ್ಕೇ ಮೊದಲು ಕಿರುಚುವುದು ರಿವರ್ಸ್! ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಆಗಲೂ ಕರ್ ಅಂದರೆ ಕ್ಲಚ್ ಬಿಡುತ್ತಿಲ್ಲ ಅಂತಲೇ ಲೆಕ್ಕ.

ಈಗ ಕೇಬಲ್ ವಿಷಯಕ್ಕೆ ಬರೋಣ, ಜಾಸ್ತಿ ಜನ ಎಡವುವುದು ಇಲ್ಲೇ. ಬೆರಳಿನಿಂದ ಕ್ಲಚ್ ಪೆಡಲನ್ನು ಮೆಲ್ಲಗೆ ಒತ್ತಿ. ಮೊದಲ ಸುಮಾರು 2 ಸೆಂಟಿಮೀಟರ್ ಏನೂ ಬಿಗಿ ಇಲ್ಲದೆ ಇಳಿಯಬೇಕು, ಆಮೇಲೆ ತಡೆ ಸಿಗಬೇಕು. ಇದನ್ನೇ ಫ್ರೀ ಪ್ಲೇ ಅನ್ನುವುದು. ಹಳೆ ಗಾಡಿಯಲ್ಲಿ ಇದು ಎರಡು ವಿರುದ್ಧ ದಿಕ್ಕಿಗೆ ಕೆಡುತ್ತದೆ. ಕೇಬಲ್ ಉದ್ದವಾದರೆ, ಅಥವಾ ಒಳಗಿನ ಎಳೆಗಳು ಒಂದೊಂದೇ ಕಿತ್ತುಬಂದರೆ, ಫ್ರೀ ಪ್ಲೇ ಹೆಚ್ಚುತ್ತದೆ. ಪೆಡಲ್ ನೆಲ ಮುಟ್ಟಿದರೂ ಹಿಡಿತ ಪೂರ್ತಿ ಬಿಡುವುದಿಲ್ಲ, ಗೇರ್ ಗಟ್ಟಿ. ಕ್ಲಚ್ ಪ್ಲೇಟ್ ಸವೆದರೆ ಇದರ ಉಲ್ಟಾ. ಪ್ಲೇಟ್ ತೆಳ್ಳಗಾದಷ್ಟೂ ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆ ಸರಿಯುತ್ತದೆ, ಅದರ ಸ್ಪ್ರಿಂಗಿನ ಬೆರಳುಗಳು ಈಚೆಗೆ, ಬೇರಿಂಗ್ ಕಡೆಗೆ ಬರುತ್ತವೆ, ಫ್ರೀ ಪ್ಲೇ ಕಡಿಮೆಯಾಗುತ್ತಾ ಹೋಗುತ್ತದೆ. ಕೊನೆಗೆ ಪೆಡಲ್ ಪೂರ್ತಿ ಬಿಟ್ಟಿದ್ದರೂ ಬೇರಿಂಗ್ ಸ್ಪ್ರಿಂಗನ್ನು ಸ್ವಲ್ಪ ಒತ್ತಿಯೇ ಇರುತ್ತದೆ. ಅಂದರೆ ನೀವು ಸದಾ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಿದ ಹಾಗೆ. ಗೇರ್ ಬೀಳ್ತಿಲ್ಲ ಅಂದ ತಕ್ಷಣ ಫ್ರೀ ಪ್ಲೇ ನೋಡದೆ ಸುಮ್ನೆ ಕೇಬಲಿನ ನಟ್ ಬಿಗಿ ಮಾಡಿಬಿಡುವುದು ಇದಕ್ಕೇ ಅಪಾಯ. ಇವತ್ತು ಗೇರ್ ಬಿದ್ದೀತು, ಆದರೆ ಬಿಗಿ ಜಾಸ್ತಿಯಾದರೆ ಪ್ಲೇಟ್ ಜಾರಲು ಶುರುವಾಗುತ್ತದೆ.

ಪ್ಲೇಟ್ ಜಾರುವುದು ಗೊತ್ತಾಗುವುದು ಹೇಗೆ? ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ, ಸಣ್ಣ ಏರು ಇದ್ದರೆ ಇನ್ನೂ ಒಳ್ಳೆಯದು. ಎಂಜಿನ್ ಸದ್ದು ಜೋರಾಗುತ್ತಿದೆ, ಸ್ಪೀಡ್ ಮಾತ್ರ ಏರುತ್ತಿಲ್ಲ ಅಂದರೆ ಪ್ಲೇಟ್ ಜಾರುತ್ತಿದೆ. ಬಹುತೇಕ 800ಗಳಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತದೆ ಅನ್ನುವ ಲೆಕ್ಕ) ತೋರಿಸುವ ಮೀಟರ್ ಇಲ್ಲ, ಕಿವಿಯಿಂದಲೇ ತಿಳಿಯಬೇಕು. ‘ಪಿಕಪ್ ಇಲ್ಲ’ ಅಂತ ಕಾರ್ಬುರೇಟರ್ ಬಿಚ್ಚಿಸುವ ಮುಂಚೆ ಇದನ್ನೊಮ್ಮೆ ನೋಡಿ.

ಜಾರಿದ ಶಕ್ತಿ ಎಲ್ಲಾದರೂ ಹೋಗಲೇಬೇಕಲ್ವಾ? ಅದು ಬಿಸಿಯಾಗುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಮುಂದೆ ಬಸ್ ನಿಂತಿದೆ, ನೀವು ಬ್ರೇಕ್ ಹಾಕದೆ ಹಾಫ್ ಕ್ಲಚ್ಚಿನಲ್ಲೇ, ಅಂದರೆ ಪೆಡಲನ್ನು ಅರ್ಧ ಮಾತ್ರ ಬಿಟ್ಟು, ಗಾಡಿಯನ್ನು ಹಿಡಿದಿದ್ದೀರಿ ಅಂದುಕೊಳ್ಳಿ. ಜನ ಸೇರಿ 900 ಕಿಲೋ ತೂಕ, ಹತ್ತು ಮೀಟರಿಗೆ ಒಂದು ಮೀಟರ್ ಏರು. ಗಾಡಿ ಹಿಂದೆ ಜಾರದಂತೆ ತಡೆಯಲು ಬೇಕಾದ ಬಲ ಸುಮಾರು 90 ಕಿಲೋ ತೂಕದಷ್ಟು. ಫಸ್ಟ್ ಗೇರಿನಲ್ಲಿ ಚಕ್ರ ಒಂದು ಸುತ್ತು ಹಾಕಲು ಎಂಜಿನ್ ಸುಮಾರು 15 ಸುತ್ತು ಹಾಕುತ್ತದೆ, ಹಾಗಾಗಿ ಕ್ಲಚ್ಚಿನ ಮೇಲೆ ಬೀಳುವ ತಿರುಚು ಬಲ ಕಡಿಮೆಯೇ, ಸುಮಾರು 14 ನ್ಯೂಟನ್ ಮೀಟರ್. ಆದರೆ ಎಂಜಿನ್ 1500 ಆರ್‌ಪಿಎಂನಲ್ಲಿ ತಿರುಗುತ್ತಿದೆ, ಚಕ್ರ ನಿಂತಿದೆ. ಗುಣಿಸಿದರೆ 2 ಕಿಲೋವ್ಯಾಟಿಗಿಂತ ಸ್ವಲ್ಪ ಹೆಚ್ಚು. ಬಚ್ಚಲುಮನೆಯ ಗೀಸರ್ ಒಂದನ್ನು ಆ ಪ್ಲೇಟಿನ ಮೇಲೇ ಆನ್ ಮಾಡಿಟ್ಟಷ್ಟು ಬಿಸಿ! ಸುಟ್ಟ ವಾಸನೆ ಬರುವುದು ಅಲ್ಲಿಂದಲೇ. ಘಾಟಿಯಲ್ಲಿ ನಿಂತರೆ ಹ್ಯಾಂಡ್ ಬ್ರೇಕ್ ಎಳೆದು ಕಾಲು ತೆಗೆಯಿರಿ, ದಯವಿಟ್ಟು.

ಎಲ್ಲ ಗೇರೂ ಸರಿ ಇದ್ದು ಒಂದೇ ಗೇರ್, ಹೆಚ್ಚಾಗಿ ಸೆಕೆಂಡ್, ಕರ್ ಅಂದರೆ ಕ್ಲಚ್ಚನ್ನು ಬೈದು ಉಪಯೋಗವಿಲ್ಲ. ಅದು ಆ ಗೇರಿನ ಸಿಂಕ್ರೊ ಸವೆದಿರುವ ಲಕ್ಷಣ. ಮೂರರಿಂದ ಎರಡಕ್ಕೆ ಇಳಿಸುವಾಗ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ, ಮತ್ತೆ ಕ್ಲಚ್ ಒತ್ತಿ ಸೆಕೆಂಡ್ ಹಾಕಿ. ಹಳೆ ಲಾರಿ ಡ್ರೈವರುಗಳ ಡಬಲ್ ಕ್ಲಚ್ ಅಂದರೆ ಇದೇ. ಹೀಗೆ ಮಾಡಿದಾಗ ಗೇರ್ ಸದ್ದಿಲ್ಲದೆ ಬಿದ್ದರೆ ರೋಗ ಖಚಿತ. ಅದಕ್ಕೂ ಮುಂಚೆ ಗೇರ್ ಆಯಿಲ್ ನೋಡಿ. ಕೈಪಿಡಿ ಹೇಳಿದ ದರ್ಜೆಯದ್ದೇ ಹಾಕಿಸಿ. ಸಿಂಕ್ರೊ ರಿಂಗ್ ಸಾಮಾನ್ಯವಾಗಿ ಹಿತ್ತಾಳೆಯದು, ಡಿಫರೆನ್ಶಿಯಲ್‌ಗೆಂದೇ (ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳಿಗೆಂದೇ) ಮಾಡಿದ ಕೆಲವು ಆಯಿಲ್‌ಗಳಲ್ಲಿನ ರಾಸಾಯನಿಕಗಳು ಅದನ್ನು ತಿನ್ನಬಲ್ಲವು. ಮಡಿಕೇರಿಯ ಚಳಿಯಲ್ಲಿ ಬೆಳಿಗ್ಗೆ ಮಾತ್ರ ಗೇರ್ ಬಿಗಿಯಾಗಿದ್ದು ಎರಡು ಮೈಲಿ ಓಡಿದ ಮೇಲೆ ಸರಿಹೋದರೆ ಅದು ಬರೀ ಆಯಿಲ್ ಮಂದವಾಗಿದ್ದರಿಂದ.

ಸದ್ದು ಎಲ್ಲಿಂದ ಅಂತ ತಿಳಿಯೋಕೆ ನ್ಯೂಟ್ರಲ್‌ನಲ್ಲಿ ಎಂಜಿನ್ ಆನ್ ಇಟ್ಟು ಕ್ಲಚ್ ಒತ್ತಿ ಬಿಟ್ಟು ಮಾಡಿ. ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್. ಬಿಟ್ಟಾಗ ಇದ್ದ ಸದ್ದು ಒತ್ತಿದರೆ ನಿಂತರೆ ಗೇರ್ ಬಾಕ್ಸಿನ ಶಾಫ್ಟ್ ಬೇರಿಂಗ್.

ಇಷ್ಟೆಲ್ಲ ನೋಡಿದ ಮೇಲೂ ಗೇರ್ ಬಾಕ್ಸ್ ಇಳಿಸಲೇಬೇಕಾಗಿ ಬಂದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಮತ್ತೆ ಬಿಚ್ಚಿದರೆ ಕೂಲಿ ಮತ್ತೆ ಅಷ್ಟೇ ಆಗುತ್ತದೆ. ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಒದ್ದೆಯಿದೆಯಾ ಅಂತ ನೀವೇ ಬಗ್ಗಿ ನೋಡಿ. ಅದು ಸೋರುತ್ತಿದ್ದರೆ ಹೊಸ ಪ್ಲೇಟಿಗೂ ಎಣ್ಣೆ ತಾಗಿ ಗಾಡಿ ಹೊರಡುವಾಗ ನಡುಗಲು ಶುರುಮಾಡುತ್ತದೆ.