ಕಾಗದ ದಾಟದ ಕಿರಣ ಮೂಳೆ ತಿಂದದ್ದು ಹೇಗೆ?

2009ರ ನವೆಂಬರ್ ಕೊನೆಯಲ್ಲಿ ಕಾರವಾರ ತಾಲ್ಲೂಕಿನ ಕೈಗಾ ಅಣುಸ್ಥಾವರದಲ್ಲಿ ಕೆಲಸಗಾರರ ಮೂತ್ರ ಪರೀಕ್ಷೆ ಮಾಡಿದಾಗ ಸುಮಾರು 50 ಮಂದಿಯಲ್ಲಿ ಟ್ರಿಷಿಯಂ (ವಿಕಿರಣ ಬೀರುವ ಒಂದು ಬಗೆಯ ಹೈಡ್ರೋಜನ್) ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಹುಡುಕುತ್ತಾ ಹೋದರೆ ಅದು ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್‌ನಲ್ಲಿ. ಸ್ಥಾವರದಲ್ಲಿ ಬಳಸುವ, ಟ್ರಿಷಿಯಂ ಇದ್ದ ಭಾರಜಲವನ್ನು ಯಾರೋ ಬೇಕಂತಲೇ ಅದಕ್ಕೆ ಬೆರೆಸಿದ್ದಾರೆ ಎಂದು ಅಧಿಕಾರಿಗಳು ಹೇಳಿದರು. ಸುದ್ದಿಯಲ್ಲಿ ಓಡಾಡಿದ್ದು ಒಂದೇ ಪದ: ವಿಕಿರಣ. ಆ ಪದ ಕೇಳಿದ ಕೂಡಲೇ ಹಿರೋಷಿಮಾ, ಚೆರ್ನೋಬಿಲ್, ಎಕ್ಸ್‌ರೇ ಎಲ್ಲವೂ ಒಟ್ಟಿಗೆ ತಲೆಗೆ ಬರುತ್ತವೆ. ಆದರೆ ಕೈಗಾದಲ್ಲಿ ಆದದ್ದೇನು ಅಂತ ತಿಳಿಯಬೇಕಾದರೆ, ಅದು ಯಾವ ವಿಕಿರಣ ಅಂತ ಮೊದಲು ಕೇಳಬೇಕು.

ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ವಯಸ್ಸು. 1896ರಲ್ಲಿ ಪ್ಯಾರಿಸ್‌ನ ಹೆನ್ರಿ ಬೆಕೆರೆಲ್, ಮೋಡ ಕವಿದಿದೆ ಎಂದು ಯುರೇನಿಯಂ ಲವಣವನ್ನು ಕಾಗದ ಸುತ್ತಿದ ಫೋಟೋ ಪ್ಲೇಟಿನ ಜೊತೆ ಡ್ರಾಯರ್ ಒಳಗೆ ಇಟ್ಟಿದ್ದರು. ಬಿಸಿಲೇ ಬೀಳದಿದ್ದರೂ ಪ್ಲೇಟಿನ ಮೇಲೆ ಗುರುತು ಮೂಡಿತ್ತು. ಏನೋ ಒಂದು ಕಿರಣ ಹೊರಗೆ ಬರುತ್ತಿದೆ ಅಂತ ಗೊತ್ತಾಯಿತು, ಅಷ್ಟೇ.

ಅದು ಒಂದಲ್ಲ, ಎರಡು ಅಂತ ತೋರಿಸಿದ್ದು ಅರ್ನೆಸ್ಟ್ ರುದರ್‌ಫೋರ್ಡ್. ಅವರು ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ, ಯಾಕೆಂದರೆ ಅದರಲ್ಲಿ ಗೊಂದಲವೇ ಇಲ್ಲ. ಯುರೇನಿಯಂ ಮೇಲೆ ತೆಳ್ಳಗಿನ ಅಲ್ಯೂಮಿನಿಯಂ ಹಾಳೆಗಳನ್ನು ಒಂದೊಂದಾಗಿ ಹೊದಿಸುತ್ತಾ, ದಾಟಿ ಬರುವ ಕಿರಣದ ಬಲ ಎಷ್ಟು ಅಂತ ಪ್ರತಿ ಸಲವೂ ಅಳೆದರು. ಮೊದಲ ಕೆಲವು ಹಾಳೆಗಳಿಗೆ ಬಲ ಸರಸರ ಇಳಿಯಿತು. ಆಮೇಲೆ ಇನ್ನಷ್ಟು ಹಾಳೆ ಹಾಕಿದರೂ ಉಳಿದ ಕಿರಣ ಜಗ್ಗಲಿಲ್ಲ. ಬೇಗ ನಿಂತು ಹೋದದ್ದಕ್ಕೆ ಆಲ್ಫಾ, ಮುಂದೆ ನುಗ್ಗಿದ್ದಕ್ಕೆ ಬೀಟಾ ಅಂತ 1899ರಲ್ಲಿ ಹೆಸರಿಟ್ಟರು. ಮರುವರ್ಷವೇ ಪ್ಯಾರಿಸ್‌ನಲ್ಲಿ ಪಾಲ್ ವಿಲಾರ್ ಇನ್ನೂ ಆಳಕ್ಕೆ ನುಗ್ಗುವ ಮೂರನೆಯದನ್ನು ಕಂಡರು. ಅದು ಗಾಮಾ ಆಯಿತು.

ಆಗ ಹೆಸರಷ್ಟೇ ಇತ್ತು, ಒಳಗೇನಿದೆ ಅಂತ ತಿಳಿಯಲು ಇನ್ನೂ ವರ್ಷಗಳು ಬೇಕಾದವು. ಬೀಟಾ ಎಂದರೆ ವೇಗವಾಗಿ ಓಡುವ ಎಲೆಕ್ಟ್ರಾನ್. ಆಲ್ಫಾ ಅದಕ್ಕಿಂತ 7000 ಪಟ್ಟಿಗೂ ಹೆಚ್ಚು ಭಾರದ ಹೀಲಿಯಂ ಪರಮಾಣುವಿನ ಬೀಜ (ನ್ಯೂಕ್ಲಿಯಸ್), ಅಂದರೆ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಗಂಟು. ಗಾಮಾ ಕಣವೇ ಅಲ್ಲ, ಬೆಳಕಿನದೇ ಜಾತಿ, ಶಕ್ತಿ ಮಾತ್ರ ವಿಪರೀತ. ಆಲ್ಫಾ ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಹೋಗುತ್ತದೆ, ಒಂದು ಕಾಗದ ಸಾಕು ತಡೆಯಲು. ಬೀಟಾಗೆ ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ಬೇಕು. ಗಾಮಾವನ್ನು ಪೂರ್ತಿ ತಡೆಯುವ ಗೋಡೆ ಅಂತ ಇಲ್ಲ, ತಗ್ಗಿಸುತ್ತಾ ಹೋಗಬೇಕು. ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹದ ಗಾಮಾ ಅರ್ಧಕ್ಕೆ ಇಳಿಯಲು ಸುಮಾರು 1.2 ಸೆಂಟಿಮೀಟರ್ ಸೀಸ ಬೇಕು, ಅದರ ಅರ್ಧಕ್ಕೆ ಇನ್ನೊಂದು ಅಷ್ಟೇ ದಪ್ಪ.

ಶಾಲೆಯಲ್ಲಿ ಪಾಠ ಇಲ್ಲಿಗೆ ನಿಲ್ಲುತ್ತದೆ. ಕಾಗದ, ಅಲ್ಯೂಮಿನಿಯಂ, ಸೀಸ ಅಂತ ಚಿತ್ರ ಬರೆಸುತ್ತಾರೆ, ಮಕ್ಕಳು ಆಲ್ಫಾ ಪಾಪದ್ದು, ಗಾಮಾ ಭಯಂಕರ ಅಂತ ತಿಳಿದುಕೊಂಡು ಮನೆಗೆ ಬರುತ್ತಾರೆ. ಹಾಗೆ ನಂಬಿದ್ದು ಎಂಥ ತಪ್ಪು ಅಂತ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೈಗಡಿಯಾರದ ಅಂಕಿಗಳಿಗೆ, ಆಲ್ಫಾ ಬಿಡುವ ರೇಡಿಯಂ ಲೋಹ ಬೆರೆಸಿದ ಬಣ್ಣ ಬಳಿದ ಹುಡುಗಿಯರನ್ನು ನೆನೆದರೆ ಗೊತ್ತಾಗುತ್ತದೆ. ಆ ಬಣ್ಣ ಕತ್ತಲಲ್ಲಿ ಹೊಳೆಯುತ್ತಿತ್ತು, ಆಲ್ಫಾ ಕಣಗಳು ಅದರಲ್ಲಿದ್ದ ಸತುವಿನ ಸಲ್ಫೈಡಿಗೆ ಬಡಿಯುತ್ತಿದ್ದುದರಿಂದ. ಕುಂಚದ ತುದಿ ಚೂಪಾಗಲಿ ಎಂದು ಅದನ್ನು ತುಟಿಗೆ ಒತ್ತಿಕೊಳ್ಳಲು ಅವರಿಗೆ ಹೇಳಿಕೊಟ್ಟಿದ್ದರು. ದಿನವೂ ಅಷ್ಟಷ್ಟು ರೇಡಿಯಂ ಹೊಟ್ಟೆಗೆ ಹೋಯಿತು. ದೇಹ ಅದನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಗೆ ಸೇರಿಸಿತು. ಹಲ್ಲು ಉದುರಿದವು, ದವಡೆ ಕೊಳೆಯಿತು, ಹಲವರು ಸತ್ತರು. ಐದು ಮಂದಿ ಕಂಪನಿಯ ಮೇಲೆ ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು.

ಆಲ್ಫಾ ದೂರ ಹೋಗುವುದಿಲ್ಲ ಎಂದರೆ ತನ್ನ ಶಕ್ತಿಯನ್ನೆಲ್ಲ ಇದ್ದಲ್ಲಿಯೇ ಸುರಿಯುತ್ತದೆ ಎಂದೇ ಅರ್ಥ ಅಲ್ವಾ? ಹೊರಗಿದ್ದರೆ ಆ ಪೆಟ್ಟು ಸತ್ತ ಚರ್ಮದ ಪದರಕ್ಕೆ ಬೀಳುತ್ತದೆ, ಒಳಗೆ ಹೋದರೆ ಪಕ್ಕದ ಜೀವಕೋಶಕ್ಕೆ. ಅದಕ್ಕೇ ಅಪಾಯದ ಲೆಕ್ಕ ಹಾಕುವವರು, ಮೈಯಲ್ಲಿ ಇಳಿದ ಶಕ್ತಿ ಒಂದೇ ಆದರೂ, ಬೀಟಾ-ಗಾಮಾಕ್ಕೆ 1 ಎಂದರೆ ಆಲ್ಫಾಕ್ಕೆ 20 ಅಂತ ಹಿಡಿಯುತ್ತಾರೆ.

ಗಾಮಾದ ದಾರಿಯೇ ಬೇರೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ದೆಹಲಿ ವಿಶ್ವವಿದ್ಯಾಲಯದ ಹಳೆಯ ಗಾಮಾ ಯಂತ್ರ ಬಂತು. ಅದರೊಳಗೆ ಕೋಬಾಲ್ಟ್-60 ಇದೆ ಅಂತ ಒಡೆದವರಿಗೆ ಗೊತ್ತಿರಲಿಲ್ಲ. ಯಾರೂ ತಿನ್ನಬೇಕಿರಲಿಲ್ಲ, ಹತ್ತಿರ ಇದ್ದರೆ ಸಾಕಿತ್ತು. ಒಬ್ಬರು ಪ್ರಾಣ ಕಳೆದುಕೊಂಡರು, ಹಲವರು ಆಸ್ಪತ್ರೆ ಸೇರಿದರು. ಆದರೆ ಒಂದು ಮಾತು. ಗಾಮಾ ಬಿದ್ದ ವಸ್ತು ತಾನೇ ವಿಕಿರಣ ಬೀರಲು ಶುರು ಮಾಡುವುದಿಲ್ಲ. 2007ರಿಂದ ಅಮೆರಿಕಕ್ಕೆ ಹೋಗುತ್ತಿರುವ ನಮ್ಮ ಮಾವಿನಹಣ್ಣಿಗೆ ಹುಳ ಬಾರದಂತೆ ಗಾಮಾ ಹಾಯಿಸುತ್ತಾರೆ. ಆ ಹಣ್ಣನ್ನು ಧೈರ್ಯವಾಗಿ ತಿನ್ನಬಹುದು.

ವಸ್ತುವನ್ನೇ ವಿಕಿರಣಶೀಲ ಮಾಡುವ ಗುಣ ಇರುವುದು ನಾಲ್ಕನೆಯದಕ್ಕೆ, 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನ್‌ಗೆ. ವಿದ್ಯುದಾವೇಶ ಇಲ್ಲದ್ದರಿಂದ ಅದು ಪರಮಾಣುವಿನ ಬೀಜದೊಳಗೇ ಹೋಗಿ ಕೂರುತ್ತದೆ. ಕೈಗಾದ ಸ್ಥಾವರದಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಭಾರಜಲ ಇರುತ್ತದೆ. ಅದರಲ್ಲಿನ ಡ್ಯೂಟೀರಿಯಂ ಎಂಬ ಭಾರದ ಹೈಡ್ರೋಜನ್ ಒಂದು ನ್ಯೂಟ್ರಾನ್ ಹಿಡಿದುಕೊಂಡರೆ ಅದೇ ಟ್ರಿಷಿಯಂ.

ಟ್ರಿಷಿಯಂ ಬಿಡುವುದು ಬೀಟಾ, ಅದೂ ತೀರಾ ದುರ್ಬಲವಾದದ್ದು. ಗಾಳಿಯಲ್ಲಿ ಸುಮಾರು 6 ಮಿಲಿಮೀಟರ್ ಹೋದರೆ ಹೆಚ್ಚು, ಚರ್ಮ ದಾಟಲಾರದು. ಭಾರಜಲದ ಬಾಟಲಿಯನ್ನು ಕೈಯಲ್ಲಿ ಹಿಡಿದವರಿಗೆ ಆ ಬೀಟಾದಿಂದ ಏನೂ ಆಗುವುದಿಲ್ಲ. ಕುಡಿದರೆ ಮಾತ್ರ ಅದು ನೀರಾಗಿಯೇ ಮೈತುಂಬ ಹರಡುತ್ತದೆ. ಕೂಲರ್‌ಗೆ ಬೆರೆಸಿದವರು ಮಾಡಿದ್ದು ಇದನ್ನೇ, ಹೊರಗಿದ್ದರೆ ತೊಂದರೆ ಕೊಡದ್ದನ್ನು ಜೊತೆಯಲ್ಲಿ ದುಡಿಯುವವರ ಹೊಟ್ಟೆಗೆ ಕಳಿಸಿದರು. ಟ್ರಿಷಿಯಂ ಅರ್ಧ ಆಗಲು 12.3 ವರ್ಷ ಬೇಕು, ಆದರೆ ಮೈಯಲ್ಲಿ ಅಷ್ಟು ದಿನ ನಿಲ್ಲುವುದಿಲ್ಲ. ಬೆವರು, ಮೂತ್ರದ ಜೊತೆ ಸುಮಾರು 10 ದಿನಕ್ಕೆ ಅರ್ಧ ಹೊರಗೆ ಹೋಗುತ್ತದೆ. ರೇಡಿಯಂ ಮೂಳೆಯಲ್ಲಿ ಕೂತಂತೆ ಇದು ಕೂರುವುದಿಲ್ಲ. ಅದಕ್ಕೇ ಟ್ರಿಷಿಯಂ ಹೊಟ್ಟೆಗೆ ಹೋದವರಿಗೆ ಕೊಡುವ ಮದ್ದು ಕೂಡ ನೀರೇ, ಜಾಸ್ತಿ ಜಾಸ್ತಿ ಶುದ್ಧ ನೀರು, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ.