ನಿನುರ್ತ: ಎನ್ಲಿಲನ ಮಗ, ಅಸ್ಸೀರಿಯದ ಅರಸರಿಗೆ ಮಾದರಿ

ನಿನುರ್ತ ಪ್ರಾಚೀನ ಮೆಸೊಪೊಟೇಮಿಯದ (ಇಂದಿನ ಇರಾಕ್ ಸುತ್ತಿನ ನಾಡು) ದೇವರು. ಅವನು ಯಾರು, ಅದೇ ನಾಡಿನ ಉತ್ತರದ ರಾಜ್ಯವಾದ ಅಸ್ಸೀರಿಯದ ಅರಸರಿಗೆ ಏಕೆ ಮಾದರಿಯಾದ? ಮೊದಲು ಹೆಸರಿನ ತೊಡಕು. ಹಳೆಯ ಪುಸ್ತಕಗಳಲ್ಲಿ ಸಿಗುವ ‘ನಿನಿಬ್’ ಬೇರೆ ದೇವರಲ್ಲ. ಬೆಣೆಲಿಪಿಯ ಅದೇ ಹೆಸರನ್ನು ಹಿಂದೆ ಹಾಗೆ ಓದುತ್ತಿದ್ದರು. ಗಿರ್ಸು ಪಟ್ಟಣದ ನಿಂಗಿರ್ಸು ಕೂಡ ಬಹುಮಟ್ಟಿಗೆ ಇವನೇ. ನಿನುರ್ತನ ಊರು ನಿಪ್ಪೂರ್, ತಂದೆ ದೇವತೆಗಳ ಒಡೆಯ ಎನ್ಲಿಲ್. ಈ ಅಪ್ಪ–ಮಗನ ನಂಟು ನೆನಪಿರಲಿ, ಅಸ್ಸೀರಿಯದ ಕಥೆಗೆ ಕೀಲಿಕೈ ಇದೇ.

ಯುದ್ಧದೇವತೆ ಎಂದಷ್ಟೇ ಬರೆದರೆ ಅರ್ಧ ಉತ್ತರ. ಅವನು ಉಳುಮೆಯ ದೇವರೂ ಹೌದು. ‘ಲುಗಲ್-ಎ’ ಎಂಬ ಸುಮೇರಿಯನ್ ಕಾವ್ಯದಲ್ಲಿ ಮಾತಾಡುವ ಗದೆ ಶರೂರ್ ಜೊತೆಗೆ ಹೋಗಿ ಬೆಟ್ಟದ ರಾಕ್ಷಸ ಅಸಗನನ್ನು ಕೊಲ್ಲುತ್ತಾನೆ. ಆಮೇಲೆ ಕಲ್ಲು ಪೇರಿಸಿ ಬೆಟ್ಟದ ನೀರನ್ನು ಟೈಗ್ರಿಸ್ ನದಿಗೆ ತಿರುಗಿಸುತ್ತಾನೆ, ಹೊಲಗಳಿಗೆ ನೀರು ಹರಿಯುತ್ತದೆ. ಅಸಗನ ಸೈನ್ಯದಲ್ಲಿದ್ದ ಕಲ್ಲುಗಳಿಗೂ ಒಂದೊಂದಾಗಿ ತೀರ್ಪು ಕೊಡುತ್ತಾನೆ. ಡಯೊರೈಟ್ ಎಂಬ ಗಟ್ಟಿ ಕಲ್ಲಿಗೆ ಸಿಕ್ಕಿದ್ದು ವರ: ಅರಸರ ವಿಗ್ರಹವಾಗಿ ಗುಡಿಯಲ್ಲಿ ನಿಲ್ಲು. ಗಿರ್ಸುವಿನ ದೊರೆ ಗುಡೇಯನ ಕಪ್ಪು ಡಯೊರೈಟ್ ವಿಗ್ರಹಗಳು ಇಂದು ಲೂವ್ರ್ ಸಂಗ್ರಹಾಲಯದಲ್ಲಿವೆ.

ಅಕ್ಕಾಡಿಯನ್ ಭಾಷೆಯ ಅನ್ಜು ಕಾವ್ಯ ಇನ್ನೂ ಸೊಗಸು. ಅನ್ಜು ಎಂಬ ಹಕ್ಕಿ ಎನ್ಲಿಲನ ವಿಧಿಫಲಕವನ್ನು, ಅಂದರೆ ಕೈಲಿದ್ದವರಿಗೆ ಲೋಕದ ಅಧಿಕಾರ ಕೊಡುವ ಫಲಕವನ್ನು, ಕದ್ದೊಯ್ಯುತ್ತದೆ. ನಿನುರ್ತ ಬಿಟ್ಟ ಬಾಣ ತಗಲುವುದೇ ಇಲ್ಲ, ಏಕೆಂದರೆ ಫಲಕದ ಬಲದಿಂದ ಅನ್ಜು ಬಾಣದ ಭಾಗಗಳಿಗೆ ‘ಜೊಂಡೇ, ನಿನ್ನ ಮೆಳೆಗೆ ಹೋಗು, ಗರಿಗಳೇ, ಹಕ್ಕಿಗಳಿಗೆ ಮರಳಿ’ ಎನ್ನುತ್ತದೆ. ಆಗ ಜಾಣದೇವರು ಇಯಾ ಉಪಾಯ ಹೇಳಿಕೊಡುತ್ತಾನೆ: ಮೊದಲು ರೆಕ್ಕೆ ಕತ್ತರಿಸು, ಅದು ‘ರೆಕ್ಕೆಗೆ ರೆಕ್ಕೆ’ ಎಂದು ಕತ್ತರಿಸಿದ ರೆಕ್ಕೆಯನ್ನು ಮರಳಿ ಕರೆದಾಗ ಬಾಣ ಬಿಡು. ಬಾಣದ ಬುಡದಲ್ಲೂ ಗರಿ ಇರುತ್ತದಲ್ಲ! ಹಕ್ಕಿಯ ಮಂತ್ರವೇ ಹಕ್ಕಿಗೆ ಮುಳುವಾಯಿತು.

ಅಪ್ಪ ಕಳೆದುಕೊಂಡ ಅಧಿಕಾರವನ್ನು ಮಗ ಗೆದ್ದು ತಂದ ಈ ಕಥೆ ಅಸ್ಸೀರಿಯದವರಿಗೆ ಹೇಳಿ ಮಾಡಿಸಿದಂತಿತ್ತು. ಅವರು ತಮ್ಮ ದೇವರು ಅಶ್ಶೂರನನ್ನು ಎನ್ಲಿಲನೊಂದಿಗೆ ಸಮೀಕರಿಸಿದ್ದರು. ಅಶ್ಶೂರ ಎನ್ಲಿಲನಾದರೆ ಅವನ ಪರವಾಗಿ ದಂಡೆತ್ತಿ ಹೋಗುವ ಅರಸ ತಾನಾಗಿ ನಿನುರ್ತನ ಜಾಗಕ್ಕೆ ಬರುತ್ತಾನೆ. ಹೆಸರುಗಳನ್ನೇ ನೋಡಿ. ತುಕುಲ್ತಿ-ನಿನುರ್ತ ಎಂದರೆ ‘ನಿನುರ್ತನೇ ನನ್ನ ನಂಬಿಕೆ’. ಈ ಹೆಸರಿನವರು ಇಬ್ಬರು: ಬ್ಯಾಬಿಲೋನ್ ಗೆದ್ದವನು ಕ್ರಿ.ಪೂ. 13ನೇ ಶತಮಾನದ ಮೊದಲನೆಯವನು, ಎರಡನೆಯವನು (ಕ್ರಿ.ಪೂ. 890–884) ಎರಡನೇ ಅಶ್ಶೂರ್ನಸಿರ್ಪಾಲನ ಅಪ್ಪ. ಟಿಗ್ಲತ್-ಪಿಲೇಸರ್ ಎಂಬ ಹೆಸರಲ್ಲೂ ನಿನುರ್ತ ಅಡಗಿದ್ದಾನೆ, ಅದು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಮೂಲರೂಪ ತುಕುಲ್ತಿ-ಅಪಿಲ್-ಎಶರ್ರ, ‘ಎಶರ್ರದ ಮಗನೇ ನನ್ನ ನಂಬಿಕೆ’. ಎಶರ್ರ ಎಂದರೆ ಅಶ್ಶೂರನ ಗುಡಿ, ಆ ಮಗ ನಿನುರ್ತ. ಮೊದಲನೇ ಟಿಗ್ಲತ್-ಪಿಲೇಸರ್ ನಿನುರ್ತನ ಅಪ್ಪಣೆಯಂತೆ ನೆಲದ ಮೇಲೆ ನಿಂತು 120, ರಥದಿಂದ 800 ಸಿಂಹ ಕೊಂದೆನೆಂದು ಶಾಸನದಲ್ಲಿ ಬರೆಸಿದ್ದಾನೆ. ಲೆಕ್ಕ ಅರಸನದು, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎರಡನೇ ಅಶ್ಶೂರ್ನಸಿರ್ಪಾಲ (ಕ್ರಿ.ಪೂ. 883–859) ಕಲ್ಹುವನ್ನು, ಅಂದರೆ ಇಂದಿನ ನಿಮ್ರೂದನ್ನು, ರಾಜಧಾನಿ ಮಾಡಿಕೊಂಡು ಅಲ್ಲಿ ನಿನುರ್ತನ ಗುಡಿ ಕಟ್ಟಿಸಿದ. ಅದರ ಬಾಗಿಲ ಬಳಿಯ ಉಬ್ಬುಶಿಲ್ಪ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ: ಎರಡೂ ಕೈಯಲ್ಲಿ ಸಿಡಿಲು ಹಿಡಿದ ರೆಕ್ಕೆಯ ದೇವರು, ಮುಂದೆ ಓಡುತ್ತ ಹಿಂದಿರುಗಿ ಬಾಯಿ ತೆರೆದ ಸಿಂಹಮುಖದ ಹಕ್ಕಿ. ಇದು ನಿನುರ್ತ ಮತ್ತು ಅನ್ಜು; ‘ಮರ್ದುಕ್ ಮತ್ತು ತಿಯಾಮತ್’ (ಬ್ಯಾಬಿಲೋನಿನ ಮುಖ್ಯ ದೇವರು, ಅವನು ಕೊಂದ ಕಡಲದೇವತೆ) ಎಂದು ಗುರುತಿಸಿದರೆ ತಪ್ಪು. 19ನೇ ಶತಮಾನದಲ್ಲಿ ಹಬ್ಬಿದ ಆ ಗುರುತು ಇನ್ನೂ ಅಲ್ಲಲ್ಲಿ ಉಳಿದಿದೆ. ಗೊಂದಲಕ್ಕೆ ಕಾರಣವೂ ಇದೆ: ಬ್ಯಾಬಿಲೋನಿನವರು ವಿಧಿಫಲಕ, ಹನ್ನೊಂದು ವೈರಿಗಳು ಮುಂತಾದ ನಿನುರ್ತನ ಸರಕನ್ನೇ ಎತ್ತಿ ಮರ್ದುಕನ ಕಥೆಗೆ ಜೋಡಿಸಿದ್ದರು.